ಬ್ಯಾಲೆ ನೋಡುವಾಗ ಚಪ್ಪಾಳೆ: ಎಲ್ಲಿ ತಟ್ಟಬೇಕು, ಎಲ್ಲಿ ತಡೆಯಬೇಕು

ನಾನು ಮೊದಲ ಬಾರಿಗೆ 'ಸ್ವಾನ್ ಲೇಕ್' ನೋಡಿದ ಸಂಜೆ, ಎರಡನೆಯ ಅಂಕದಲ್ಲಿ, ಸರೋವರದ ದಡದಲ್ಲಿ ಒಡೆಟ್ ಮತ್ತು ರಾಜಕುಮಾರ ನಿಧಾನಗತಿಯಲ್ಲಿ ನರ್ತಿಸುತ್ತಿದ್ದಾಗ, ಒಂಟಿ ಪಿಟೀಲಿನ ನಾದ ಸಣ್ಣದಾಗುತ್ತ ಬಂದು ಇನ್ನೇನು ಮುಗಿಯಿತು ಎನಿಸಿದ ಜಾಗದಲ್ಲಿ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ನೃತ್ಯ ಮುಗಿದಿರಲಿಲ್ಲ. ಅದೇ ಪಿಟೀಲಿಗೆ ಚೆಲ್ಲೊ ಜೊತೆಗೂಡಿ ಮೊದಲಿನ ಧಾಟಿಯನ್ನೇ ಮತ್ತೆ ಎತ್ತಿಕೊಳ್ಳುವ, ಇಡೀ ಅಂಕದಲ್ಲಿಯೇ ಅತ್ಯಂತ ಮೃದುವಾದ ಭಾಗ ಆಗಷ್ಟೇ ಶುರುವಾಗಬೇಕಿತ್ತು. ಇಡೀ ಸಭೆಯಲ್ಲಿ ನನ್ನದೊಂದೇ ಜೋಡಿ ಕೈ ಸದ್ದು ಮಾಡಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮುಖ ತಿರುಗಿಸದೆಯೇ ತಮ್ಮ ಅಂಗೈಯನ್ನು ಮಂಡಿಯ ಮೇಲೆ ಮೆಲ್ಲಗೆ ಒತ್ತಿ, ತಾಳಿ ಎಂಬಂತೆ ತೋರಿಸಿದರು. ವಿರಾಮದಲ್ಲಿ ನಾನು ಕ್ಷಮೆ ಕೇಳಿದಾಗ ಅವರು ನಕ್ಕು ಹೇಳಿದ್ದು ಒಂದೇ ಮಾತು: ಕಣ್ಣು ಮುಗಿಯಿತು ಎಂದರೂ ಕಿವಿ ಮುಗಿಯಿತು ಎನ್ನುವ ತನಕ ಕಾಯಬೇಕು. ಮುಂದೆ ಬರೆದಿರುವುದರಲ್ಲಿ ಬಹುಪಾಲು ಆ ಮಾತಿನ ವಿವರಣೆಯೇ ಆಗಿದೆ.

ಕನ್ನಡದಲ್ಲಿ ನೃತ್ಯರೂಪಕಕ್ಕೂ ಬ್ಯಾಲೆ ಎನ್ನುವ ರೂಢಿ ಬಹಳ ಹಿಂದಿನಿಂದ ಇರುವುದರಿಂದ ಒಂದು ಸ್ಪಷ್ಟನೆ ಅಗತ್ಯ. ಇಲ್ಲಿ ಹೇಳುತ್ತಿರುವುದು ಬೆರಳ ತುದಿಯ ಮೇಲೆ ನಿಲ್ಲುವ ಯುರೋಪಿನ ಶಾಸ್ತ್ರೀಯ ಬ್ಯಾಲೆಯ ವಿಷಯ. ಲಂಡನ್, ನ್ಯೂಯಾರ್ಕ್, ಪ್ಯಾರಿಸ್ ಅಥವಾ ಮಾಸ್ಕೋದಲ್ಲಿ ಓದಲೋ ಕೆಲಸಕ್ಕೋ ಹೋಗಿ ನೆಲೆಸಿದ, ಇಲ್ಲವೇ ಪ್ರವಾಸದ ನಡುವೆ ಒಂದು ಸಂಜೆಗೆ ಟಿಕೆಟ್ ಕೊಂಡ ನಮ್ಮವರು ನೋಡಲು ಹೋಗುವ ಬ್ಯಾಲೆ.

ಮೊದಲಿಗೆ ಒಂದು ತಪ್ಪುಕಲ್ಪನೆಯನ್ನು ಬದಿಗಿಡೋಣ. ಪಾಶ್ಚಾತ್ಯ ಸಂಗೀತ ಕಛೇರಿಗಳಿಗೆ ಹೋಗಿ ಬಂದವರು, ಸಿಂಫನಿಯ ಒಂದು ಭಾಗಕ್ಕೂ ಮುಂದಿನ ಭಾಗಕ್ಕೂ ನಡುವೆ ಚಪ್ಪಾಳೆ ತಟ್ಟಬಾರದು ಎಂಬ ಪಾಠ ಕಲಿತಿರುತ್ತಾರೆ. ಅದೇ ನಿಯಮ ಬ್ಯಾಲೆಗೂ ಇದೆಯೆಂದು ಭಾವಿಸಿ ಎರಡೂವರೆ ಮೂರು ಗಂಟೆ ಕೈಕಟ್ಟಿ ಕುಳಿತಿರುತ್ತಾರೆ. ಬ್ಯಾಲೆಯಲ್ಲಿ, ಅದರಲ್ಲೂ ಹತ್ತೊಂಬತ್ತನೆಯ ಶತಮಾನದ ಕೃತಿಗಳಲ್ಲಿ, ನಡುವೆ ತಟ್ಟುವ ಚಪ್ಪಾಳೆಗೆ ಮೊದಲೇ ಜಾಗ ಬಿಟ್ಟಿರುತ್ತಾರೆ. ಜಾರ್ಜ್ ಬ್ಯಾಲಂಚೀನ್ ಅವರು 1947ರಲ್ಲಿ ಪ್ಯಾರಿಸ್ ಒಪೆರಾದ ನರ್ತಕರಿಗಾಗಿ ಬಿಜೆಯ ಸಿಂಫನಿಯೊಂದಕ್ಕೆ ಸಂಯೋಜಿಸಿದ, ಈಗ 'ಸಿಂಫನಿ ಇನ್ ಸಿ' ಎಂದು ಕರೆಯುವ ಕೃತಿಯನ್ನೇ ನೋಡಬಹುದು. ಅದೇ ಸಂಗೀತವನ್ನು ಕಛೇರಿಯಲ್ಲಿ ನುಡಿಸಿದರೆ ನಾಲ್ಕು ಭಾಗಗಳ ನಡುವಿನ ಬಿಡುವಿನಲ್ಲಿ ಸಭೆ ಕೆಮ್ಮುತ್ತದೆಯೇ ಹೊರತು ಕೈ ತಟ್ಟುವುದಿಲ್ಲ. ರಂಗದ ಮೇಲೆ ಬಿಳಿ ಉಡುಪಿನ ನರ್ತಕಿಯರಿದ್ದರೆ ಅದೇ ಸಭೆ ಪ್ರತಿ ಭಾಗದ ಕೊನೆಗೂ ತಟ್ಟುತ್ತದೆ, ನರ್ತಕರು ವಂದಿಸುತ್ತಾರೆ, ಯಾರ ಹುಬ್ಬೂ ಮೇಲೇರುವುದಿಲ್ಲ.

ಪರದೆ ಏಳುವ ಮುನ್ನ

ರಂಗದ ಮುಂದಿನ ತಗ್ಗಿನಲ್ಲಿ ವಾದ್ಯವೃಂದ ಕುಳಿತಿರುತ್ತದೆ. ಓಬೋ ಒಂದು ಸ್ವರ ಹಿಡಿಯುತ್ತದೆ, ಉಳಿದ ವಾದ್ಯಗಳು ಅದಕ್ಕೆ ಶ್ರುತಿ ಸೇರಿಸಿಕೊಳ್ಳುತ್ತವೆ. ಇದಕ್ಕೆ ಚಪ್ಪಾಳೆ ಇಲ್ಲ. ದೀಪ ಆರಿದ ಮೇಲೆ ಕಂಡಕ್ಟರ್ ಬರುತ್ತಾರೆ. ಈ ಪದ ಕೇಳಿದರೆ ನಮಗೆ ಟಿಕೆಟ್ ಹರಿದು ಕೊಡುವವರೇ ನೆನಪಾಗುವುದು ಸಹಜ, ಆದರೆ ಇವರು ವಾದ್ಯವೃಂದವನ್ನು ನಡೆಸುವವರು. ಮೇಲಿನ ಗ್ಯಾಲರಿಯಲ್ಲಿ ಕುಳಿತವರಿಗೆ ಅವರು ಬರುವುದು ಮೊದಲು ಕಾಣುತ್ತದೆ. ಕೆಳಗೆ ಕುಳಿತವರಿಗೆ ಚಪ್ಪಾಳೆಯ ಸದ್ದಿನಿಂದಲೇ ತಿಳಿಯುತ್ತದೆ. ಅವರು ತಿರುಗಿ ವಂದಿಸಿ, ಮತ್ತೆ ವಾದ್ಯಗಳ ಕಡೆ ಮುಖ ಮಾಡಿ ಕೋಲು ಎತ್ತುವ ಹೊತ್ತಿಗೆ ಸಭೆ ಮೌನವಾಗಿರಬೇಕು. ಪ್ರತಿ ವಿರಾಮದ ನಂತರವೂ ಇದು ಹೀಗೆಯೇ ನಡೆಯುತ್ತದೆ. ಧ್ವನಿಮುದ್ರಿತ ಸಂಗೀತಕ್ಕೆ ನರ್ತಿಸುವ ಪ್ರವಾಸಿ ತಂಡಗಳಲ್ಲಿ ಈ ಹಂತವೇ ಇರುವುದಿಲ್ಲ.

ಪರದೆ ಮುಚ್ಚಿರುವಾಗ ನುಡಿಸುವ ಪೀಠಿಕೆಯ ಸಂಗೀತವನ್ನು ಮದುವೆ ಮನೆಯ ಓಲಗದಂತೆ ಹಿನ್ನೆಲೆಗೆ ಬಿಟ್ಟು ಮಾತು ಮುಂದುವರಿಸುವ ಅಭ್ಯಾಸ ಎಲ್ಲ ದೇಶಗಳ ಪ್ರೇಕ್ಷಕರಲ್ಲೂ ಇದೆ. ಅದು ಆಟದ ಭಾಗವೇ ಆಗಿರುವುದರಿಂದ ಅಲ್ಲಿಂದಲೇ ಮಾತು ನಿಲ್ಲಬೇಕು.

ಇಬ್ಬರ ನೃತ್ಯದ ಒಳಗೆ

ಚಪ್ಪಾಳೆಯ ಲೆಕ್ಕ ಚೆನ್ನಾಗಿ ಅರ್ಥವಾಗುವುದು ನಾಯಕ ನಾಯಕಿಯರು ಜೊತೆಯಾಗಿ ನರ್ತಿಸುವ ಭಾಗದಲ್ಲಿ. ಇದಕ್ಕೆ 'ಪಾ ದ ದು' ಎಂದು ಹೆಸರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಾರಿಯುಸ್ ಪೆತಿಪಾ ಅವರ ಕೈಯಲ್ಲಿ ಗಟ್ಟಿಯಾದ ಇದರ ಕಟ್ಟು ಹೀಗಿದೆ: ಇಬ್ಬರೂ ಪ್ರವೇಶಿಸುತ್ತಾರೆ, ನಿಧಾನಗತಿಯ ಅಡಾಜಿಯೊದಲ್ಲಿ ಅವಳನ್ನು ಆತ ಹಿಡಿದು ತಿರುಗಿಸುತ್ತಾನೆ, ಎತ್ತುತ್ತಾನೆ, ಬಳಿಕ ಆತನೊಬ್ಬನ ವೇರಿಯೇಷನ್, ಆಮೇಲೆ ಅವಳೊಬ್ಬಳದು, ಕೊನೆಗೆ ವೇಗದ ಕೋಡಾದಲ್ಲಿ ಇಬ್ಬರೂ ಮತ್ತೆ ಸೇರುತ್ತಾರೆ. ಅಡಾಜಿಯೊದ ಕೊನೆಗೆ ಒಮ್ಮೆ, ಒಂದೊಂದು ವೇರಿಯೇಷನ್ ಮುಗಿದಾಗ ಒಮ್ಮೆ, ಕೋಡಾದ ಕೊನೆಗೆ ಮತ್ತೊಮ್ಮೆ, ಹೀಗೆ ನಾಲ್ಕು ಕಡೆ ಚಪ್ಪಾಳೆಗೆ ಬಾಗಿಲು ತೆರೆದೇ ಇರುತ್ತದೆ. 'ಸ್ಲೀಪಿಂಗ್ ಬ್ಯೂಟಿ', 'ಡಾನ್ ಕಿಹೋಟೆ', 'ನಟ್‌ಕ್ರ್ಯಾಕರ್' ಇವುಗಳಲ್ಲಿ ಯಾವುದಕ್ಕೆ ಹೋದರೂ ಈ ನಾಲ್ಕು ಬಾಗಿಲು ಸಿಗುತ್ತವೆ.

ಈ ಬಿಡುವುಗಳು ಹೊಗಳಿಕೆಗಾಗಿ ಮಾತ್ರ ಇವೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಮುಂದಿನ ಸಾಲಿನ ಬದಿಯ ಕುರ್ಚಿಯೊಂದು ಸಿಕ್ಕ ದಿನ ಬೇರೆಯದೇ ಕಾಣಿಸಿತು. ಅಡಾಜಿಯೊ ಮುಗಿದು ಇಬ್ಬರೂ ನಗುಮುಖದಿಂದ ವಂದಿಸುತ್ತಿದ್ದರು. ದೂರದಿಂದ ಶಿಲ್ಪದಂತೆ ಕಾಣುತ್ತಿದ್ದ ಆ ನರ್ತಕನ ಎದೆ ಹತ್ತಿರದಿಂದ ತಿದಿಯಂತೆ ಏರಿಳಿಯುತ್ತಿತ್ತು, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾಯಕಿ ನೇಪಥ್ಯಕ್ಕೆ ಸರಿದಳು. ಆತ ಅವಸರವಿಲ್ಲದೆ ರಂಗದ ಹಿಂಬದಿಯ ಮೂಲೆಗೆ ನಡೆದ, ಅಷ್ಟು ದೂರವೂ ಉಸಿರು ಕೂಡಿಸಿಕೊಳ್ಳುತ್ತಲೇ ನಡೆದ. ಮೂಲೆಯಲ್ಲಿ ತಿರುಗಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ತೋಳು ಎತ್ತಿ ನಿಂತ. ತಗ್ಗಿನಲ್ಲಿದ್ದ ಕಂಡಕ್ಟರ್ ಆವರೆಗೂ ಕೋಲನ್ನು ಕೆಳಗಿಟ್ಟುಕೊಂಡು ಆತನನ್ನೇ ನೋಡುತ್ತಿದ್ದವರು, ಆ ತೋಳು ಎದ್ದ ಕ್ಷಣಕ್ಕೆ ಕೋಲು ಎತ್ತಿದರು.

ಪ್ರೇಕ್ಷಕರಿಗೆ ಇದರಲ್ಲಿ ಎರಡು ಪಾಠಗಳಿವೆ. ಚಪ್ಪಾಳೆಯನ್ನು ತೀರ ಬೇಗ ನಿಲ್ಲಿಸಿಬಿಟ್ಟರೆ ನರ್ತಕರು ಮೌನದಲ್ಲಿ, ಸ್ವಲ್ಪ ಪೇಚಾಟದಿಂದಲೇ, ಆ ಮೂಲೆಗೆ ಧಾವಿಸಬೇಕಾಗುತ್ತದೆ. ನಾವು ಬೆಚ್ಚಗೆ ತಟ್ಟುತ್ತಿದ್ದರೆ ಅವರಿಗೆ ಹತ್ತು ಹದಿನೈದು ಸೆಕೆಂಡು ಉಸಿರು ಸಿಗುತ್ತದೆ. ಹಾಗೆಯೇ, ನರ್ತಕರು ಮೂಲೆ ಸೇರಿ ಸಿದ್ಧಭಂಗಿಯಲ್ಲಿ ನಿಂತ ಮೇಲೂ ತಟ್ಟುತ್ತಲೇ ಇದ್ದರೆ ಅವರಿಗೆ ಮೊದಲ ಸ್ವರ ಕೇಳುವುದಿಲ್ಲ. ಆದ್ದರಿಂದ ಎಷ್ಟು ಹೊತ್ತು ತಟ್ಟಬೇಕು ಎಂಬುದಕ್ಕೆ ಗಡಿಯಾರ ನೋಡಬೇಕಿಲ್ಲ. ನರ್ತಕರು ಮುಂದಕ್ಕೆ ಬಂದು ನಮ್ಮ ಕಡೆ ಮುಖ ಮಾಡಿ ಬಾಗಿದರೆ ತಟ್ಟುವ ಹೊತ್ತು. ನಮಗೆ ಬೆನ್ನು ಮಾಡಿ ಹಿಂದಕ್ಕೆ ನಡೆಯುತ್ತಿರುವಾಗ ಮುಂದುವರಿಸಬಹುದು. ತಿರುಗಿ ಕಾಲು ಚಾಚಿದರೆ ನಿಲ್ಲಿಸಬೇಕು. ಒಂದು ಸಲ ನೇಪಥ್ಯಕ್ಕೆ ಹೋದವರು ಸದ್ದು ಇಳಿಯದಿದ್ದರೆ ಮತ್ತೆ ಬಂದು ಇನ್ನೊಮ್ಮೆ ವಂದಿಸುವುದೂ ಉಂಟು.

ಇನ್ನು ಕಣ್ಣು ಮೋಸ ಮಾಡುವ ಜಾಗಗಳು. 1890ರಲ್ಲಿ ಮೊದಲು ಪ್ರದರ್ಶನಗೊಂಡ 'ಸ್ಲೀಪಿಂಗ್ ಬ್ಯೂಟಿ'ಯ ಮೊದಲ ಅಂಕದ ಗುಲಾಬಿ ಅಡಾಜಿಯೊದಲ್ಲಿ, ರಾಜಕುಮಾರಿ ಅರೋರಾ ಒಂದೇ ಕಾಲಿನ ಬೆರಳ ತುದಿಯ ಮೇಲೆ ನಿಂತು, ನಾಲ್ವರು ವರರಲ್ಲಿ ಒಬ್ಬೊಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುವ ನಡುವೆ ಆಸರೆಯಿಲ್ಲದೆ ನಿಲ್ಲುತ್ತಾಳೆ. ಮೊದಲ ಕೈ ಬಿಟ್ಟಾಗಲೇ ಬೆರಗಾಗಿ ತಟ್ಟಬೇಕೆನಿಸುತ್ತದೆ. ಆದರೆ ಇನ್ನೂ ಮೂರು ಕೈಗಳು ಬಾಕಿಯಿರುತ್ತವೆ, ಹಿತ್ತಾಳೆಯ ವಾದ್ಯಗಳು ಇನ್ನೂ ಏರುತ್ತಿರುತ್ತವೆ, ಅಷ್ಟು ಸಣ್ಣ ಆಧಾರದ ಮೇಲೆ ನಿಂತವಳಿಗೆ ಹಠಾತ್ತನೆ ಎದ್ದ ಸದ್ದಿನಿಂದ ನೆರವೇನೂ ಆಗುವುದಿಲ್ಲ. ಕೊನೆಯ ಕೈಯನ್ನೂ ಬಿಟ್ಟು, ಸಂಗೀತ ತನ್ನ ಶಿಖರ ಮುಟ್ಟಿ, ಅವಳ ಹಿಮ್ಮಡಿ ನೆಲಕ್ಕಿಳಿದ ಮೇಲೆ ಎಷ್ಟು ಬೇಕಾದರೂ ತಟ್ಟಬಹುದು.

ಮೂವತ್ತೆರಡು ಸುತ್ತು ಮತ್ತು ನಮ್ಮ ತಾಳದ ಚಟ

'ಸ್ವಾನ್ ಲೇಕ್'ನ ಮೂರನೆಯ ಅಂಕದಲ್ಲಿ ಕಪ್ಪು ಉಡುಪಿನ ಒಡೀಲ್, ಒಂದು ಕಾಲನ್ನು ಚಾಟಿಯಂತೆ ಬೀಸುತ್ತ, ಇನ್ನೊಂದು ಕಾಲಿನ ಬೆರಳ ತುದಿಯ ಮೇಲೆ ಒಂದೇ ಜಾಗದಲ್ಲಿ 32 ಸುತ್ತು ತಿರುಗುತ್ತಾಳೆ. ಇದಕ್ಕೆ ಫ್ವೆತೆ ಎನ್ನುತ್ತಾರೆ. 1895ರ ಸೇಂಟ್ ಪೀಟರ್ಸ್‌ಬರ್ಗ್ ಪ್ರದರ್ಶನದಲ್ಲಿ ಇಟಲಿಯ ಪಿಯೆರೀನಾ ಲೆನ್ಯಾನಿ ಇದನ್ನು ಮಾಡಿ ತೋರಿಸಿದ ಮೇಲೆ ಈ ಸಂಖ್ಯೆ ಆ ಪಾತ್ರಕ್ಕೆ ಅಂಟಿಕೊಂಡಿತು. ಸಂಗೀತ ಮುಗಿಯುವ ತನಕ ಕಾಯಬೇಕೆಂಬ ನಿಯಮಕ್ಕೆ ಇಲ್ಲೊಂದು ವಿನಾಯಿತಿ ಬಹುತೇಕ ಎಲ್ಲ ಊರುಗಳಲ್ಲೂ ಇದೆ. ಅರ್ಧ ಸುತ್ತುಗಳಾಗುವ ಹೊತ್ತಿಗೆ ಸಭೆಯಲ್ಲಿ ಎಲ್ಲೋ ಚಪ್ಪಾಳೆ ಹುಟ್ಟಿ ಹರಡುತ್ತದೆ, ಕೊನೆಯ ಸುತ್ತಿನ ತನಕ ನಿಲ್ಲುವುದಿಲ್ಲ. ಅದಕ್ಕೆ ಸೇರಿಕೊಳ್ಳುವುದು ತಪ್ಪೇನಲ್ಲ. ನೀವೇ ಮೊದಲು ಶುರು ಮಾಡಬೇಡಿ ಎಂದು ಮಾತ್ರ ಹೇಳುತ್ತೇನೆ, ಏಕೆಂದರೆ ಮೊದಲ ಎಂಟು ಸುತ್ತುಗಳಲ್ಲಿ ನರ್ತಕಿ ತನ್ನ ಲಯವನ್ನು ವಾದ್ಯಗಳ ಜೊತೆ ಹೊಂದಿಸಿಕೊಳ್ಳುತ್ತಿರುತ್ತಾಳೆ.

ತಾಳಕ್ಕೆ ಸರಿಯಾಗಿ ಒಟ್ಟಾಗಿ ತಟ್ಟುವುದು ಮಾತ್ರ ಇಲ್ಲಿ ಬೇಡವೇ ಬೇಡ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತೊಡೆಯ ಮೇಲೆ ಆದಿತಾಳ ಹಾಕುತ್ತ ಕೇಳುವುದು ನಮಗೆ ರಸಿಕತೆಯ ಗುರುತು; ಭಜನೆಯಲ್ಲಂತೂ ಕೈತಾಳವಿಲ್ಲದಿದ್ದರೆ ಹಾಡೇ ಸಾಗದು. ಹೀಗೆ ಬೆಳೆದ ಕೈಗೆ ಕೋಡಾದ ಕುಣಿಯುವ ಲಯ ಕೇಳಿದ ಕೂಡಲೇ ತಡೆಯುವುದು ಕಷ್ಟ. ಆದರೆ ದೊಡ್ಡ ರಂಗಮಂದಿರದ ಮೇಲಿನ ಗ್ಯಾಲರಿಗೂ ವಾದ್ಯವೃಂದಕ್ಕೂ ನಡುವೆ ಸುಮಾರು 35 ಮೀಟರ್ ದೂರ ಇದೆ ಎಂದುಕೊಳ್ಳಿ. ಶಬ್ದ ಅಷ್ಟು ದೂರ ಕ್ರಮಿಸಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಸಂಗೀತ ನಮ್ಮ ಕಿವಿಗೆ ಬರುವಾಗಲೇ ಅಷ್ಟು ತಡ. ಅದನ್ನು ಕೇಳಿ ನಾವು ತಟ್ಟಿದ್ದು ಮತ್ತೆ ರಂಗ ತಲುಪುವಾಗ ಇನ್ನಷ್ಟು ತಡ. ನಮಗೆ ಕರಾರುವಾಕ್ಕು ಎನಿಸಿದ ತಾಳ, ತಿರುಗುತ್ತಿರುವ ನರ್ತಕಿಯ ಕಿವಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹಿಂದೆ ಬಿದ್ದು, ವಾದ್ಯಗಳ ತಾಳದ ಜೊತೆ ಜಗಳವಾಡುತ್ತದೆ. ಇಷ್ಟು ಸಾಲದೆಂಬಂತೆ, ಗುಂಪು ಸೇರಿ ತಟ್ಟುವಾಗ ವೇಗ ತಾನಾಗಿಯೇ ಏರುತ್ತದೆ. ಭಜನೆಯ ಕೊನೆಯ ಸುತ್ತುಗಳನ್ನು ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ಚದುರಿದ, ಲಯವಿಲ್ಲದ ಚಪ್ಪಾಳೆ ಮಳೆಯ ಸದ್ದಿನಂತೆ ಹಿಂದೆ ಉಳಿಯುವುದರಿಂದ ಅದು ನರ್ತಕಿಗೆ ಅಷ್ಟು ತೊಂದರೆ ಕೊಡುವುದಿಲ್ಲ.

ಕೈ ತಡೆಯಬೇಕಾದ ಜಾಗಗಳು

1841ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ 'ಜಿಜೆಲ್' ಈ ವಿವೇಚನೆ ಕಲಿಯಲು ಒಳ್ಳೆಯ ಶಾಲೆ. ಮೊದಲ ಅಂಕದಲ್ಲಿ ಹಳ್ಳಿಯ ಹುಡುಗಿ ಜಿಜೆಲ್ ತನ್ನ ವೇರಿಯೇಷನ್‌ನಲ್ಲಿ ಒಂದೇ ಕಾಲಿನ ಬೆರಳ ತುದಿಯ ಮೇಲೆ ಪುಟಿಯುತ್ತ ರಂಗವನ್ನು ಓರೆಯಾಗಿ ದಾಟುತ್ತಾಳೆ; ಅದು ಮುಗಿದಾಗ ಚಪ್ಪಾಳೆ ಬರುತ್ತದೆ, ಅವಳು ಪಾತ್ರದ ನಾಚಿಕೆಯನ್ನು ಬಿಡದೆಯೇ ವಂದಿಸುತ್ತಾಳೆ. ಅದೇ ಅಂಕದ ಕೊನೆಗೆ, ತಾನು ಮೋಸಹೋದೆ ಎಂದು ತಿಳಿದು ಅವಳು ಮತಿಭ್ರಮಣೆಗೊಳ್ಳುವ ದೃಶ್ಯ ಬರುತ್ತದೆ. ಕೂದಲು ಬಿಚ್ಚಿಹೋಗಿರುತ್ತದೆ, ಹಿಂದೆ ಪ್ರಿಯಕರನ ಜೊತೆ ಹಾಕಿದ ಹೆಜ್ಜೆಗಳನ್ನೇ ತಪ್ಪುತಪ್ಪಾಗಿ ನೆನಪಿಸಿಕೊಂಡು ತಡವರಿಸುತ್ತಾಳೆ. ನಡುನಡುವೆ ವಾದ್ಯಗಳು ಸುಮ್ಮನಾಗುವುದೂ ಉಂಟು. ಆ ಮೌನ ನಮಗಾಗಿ ಬಿಟ್ಟ ಜಾಗ ಎಂದುಕೊಳ್ಳಬಾರದು. ಎಷ್ಟು ಅದ್ಭುತವಾಗಿ ಅಭಿನಯಿಸಿದರೂ ಪರದೆ ಬೀಳುವ ತನಕ ಒಂದು ಸದ್ದೂ ಬೇಡ.

ಎರಡನೆಯ ಅಂಕದಲ್ಲಿ ಮದುವೆಗೆ ಮುನ್ನ ಸತ್ತ ಹುಡುಗಿಯರ ಆತ್ಮಗಳು, ವಿಲಿಗಳು, ಎರಡೂ ಬದಿಗಳಿಂದ ಸಾಲಾಗಿ, ಒಂದು ಕಾಲನ್ನು ಹಿಂದಕ್ಕೆ ಎತ್ತಿ ಹಿಡಿದು, ಇನ್ನೊಂದು ಕಾಲಿನ ಮೇಲೆ ಜಾರುತ್ತ ಬಂದು ಪರಸ್ಪರ ಸಾಲುಗಳನ್ನು ಹಾದು ಹೋಗುತ್ತಾರೆ. ಇಲ್ಲಿ ಅನೇಕ ಕಡೆ ಜೋರು ಚಪ್ಪಾಳೆ ಬೀಳುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮಧ್ಯರಾತ್ರಿಯ ಕಾಡಿನ ಭೂತಗಳಿಗೆ ಕವಾಯತಿನ ತಂಡಕ್ಕೆ ತಟ್ಟಿದಂತೆ ತಟ್ಟಿದರೆ ಆ ಕಾಡು ಕರಗಿಬಿಡುತ್ತದೆ ಎಂಬುದು ನನ್ನ ಅನಿಸಿಕೆ. ಆದರೆ ತಟ್ಟುವವರನ್ನು ದುರುಗುಟ್ಟಿ ನೋಡುವಷ್ಟು ದೊಡ್ಡ ತಪ್ಪೂ ಅದಲ್ಲ.

ಭಾರತದ ಕಥೆಯೆಂದು ಹೇಳಿಕೊಳ್ಳುವ 'ಲಾ ಬಯಾದೇರ್'ನಲ್ಲಿ (ದೇವಾಲಯದ ನರ್ತಕಿ ನಿಕಿಯಾಳ ಕಥೆ, ಪೆತಿಪಾ, 1877) ನೆರಳುಗಳ ಲೋಕದ ದೃಶ್ಯ ಇನ್ನೂ ಸೂಕ್ಷ್ಮವಾದುದು. ಬಿಳಿ ಉಡುಪಿನ ನರ್ತಕಿಯರು ಇಳಿಜಾರಿನ ಮೇಲೆ ಒಬ್ಬರ ಹಿಂದೊಬ್ಬರು ಅದೇ ಒಂದು ಭಂಗಿಯನ್ನು ಮರಳಿ ಮರಳಿ ಮಾಡುತ್ತ ಇಳಿದು ಬರುತ್ತಾರೆ. ತಂಡದ ಗಾತ್ರಕ್ಕೆ ತಕ್ಕಂತೆ 24 ಮಂದಿ, ಕೆಲವೆಡೆ 32 ಮಂದಿ. ಕೊನೆಯವರು ಇಳಿದು ಸಾಲು ಸೇರಿ, ಎಲ್ಲರೂ ಒಟ್ಟಿಗೆ ನಿಧಾನವಾಗಿ ಕಾಲೆತ್ತಿ ನಿಂತು, ಸಂಗೀತ ಕೊನೆಗೊಳ್ಳುವ ತನಕ ಕಾಯುವುದಕ್ಕೆ ತಾಳ್ಮೆ ಬೇಕು. ಕಾದರೆ ಅದರ ಫಲ ದೊಡ್ಡದು. ಹೆಸರಿಲ್ಲದ ಆ ಸಮೂಹಕ್ಕೆ, ಅಂದರೆ ಕೋರ್ ದ ಬ್ಯಾಲೆಗೆ, ಇಡೀ ಸಂಜೆಯಲ್ಲಿ ತಮ್ಮದೇ ಎನ್ನುವಂಥ ಚಪ್ಪಾಳೆ ಸಿಗುವುದು ಅಲ್ಲಿ ಮಾತ್ರ. ಅದನ್ನು ಜಿಪುಣತನವಿಲ್ಲದೆ ಕೊಡಬೇಕು.

ಇಪ್ಪತ್ತನೆಯ ಶತಮಾನದ ಕಥನ ಬ್ಯಾಲೆಗಳಲ್ಲಿ ಲೆಕ್ಕ ಬದಲಾಗುತ್ತದೆ. ಕೆನೆತ್ ಮ್ಯಾಕ್‌ಮಿಲನ್ ಅವರ 'ರೋಮಿಯೊ ಅಂಡ್ ಜೂಲಿಯೆಟ್' (1965), 'ಮನೋನ್' (1974), ಜಾನ್ ಕ್ರ್ಯಾಂಕೊ ಅವರ 'ಒನೆಗಿನ್' ಇವುಗಳಲ್ಲಿ ಒಂದು ದೃಶ್ಯ ಇನ್ನೊಂದಕ್ಕೆ ನಾಟಕದಂತೆ ಹರಿಯುತ್ತದೆ. ನರ್ತಕರು ಪಾತ್ರದಿಂದ ಹೊರಬಂದು ನಡುವೆ ವಂದಿಸುವುದು ಅಪರೂಪ, ಆದ್ದರಿಂದ ಅಂಕದ ಕೊನೆಯ ತನಕ ಕೈ ತಡೆದರೆ ತಪ್ಪಾಗುವ ಸಂಭವವೇ ಇಲ್ಲ. ಕಥೆಯಿಲ್ಲದ ಆಧುನಿಕ ಕೃತಿಗಳಲ್ಲಿ ದೀಪ ಪೂರ್ತಿ ಆರುವವರೆಗೆ, ಇಲ್ಲವೇ ಪರದೆ ಇಳಿಯುವವರೆಗೆ ಕಾಯುವುದು ಕ್ಷೇಮ.

ಮೆಲ್ಲಗೆ ಮುಗಿಯುವ ಕೃತಿಗಳ ಬಗ್ಗೆ ಒಂದು ಮಾತು. ಮುಗಿಯಿತೆಂದು ತನಗೆ ಗೊತ್ತು ಎಂಬುದನ್ನು ತೋರಿಸಲು ಕೊನೆಯ ಸ್ವರ ಆರುವ ಮುನ್ನವೇ ತಟ್ಟಿಬಿಡುವವರು ಎಲ್ಲ ಸಭೆಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. 1920ರ ದಶಕದಲ್ಲಿ ಭಾರತಕ್ಕೂ ಬಂದು ನರ್ತಿಸಿದ್ದ ಅನ್ನಾ ಪಾವ್ಲೋವಾ ಅವರಿಂದ ಪ್ರಸಿದ್ಧವಾದ 'ಡೈಯಿಂಗ್ ಸ್ವಾನ್' ಕೆಲವೇ ನಿಮಿಷಗಳ ನೃತ್ಯ. ಹಂಸ ಮಡಿಚಿ ಕುಳಿತು, ತೋಳು ಕೊನೆಯದಾಗಿ ನಡುಗಿ ಪಾದದ ಮೇಲೆ ಒರಗಿದ ಬಳಿಕ ಚೆಲ್ಲೊದ ನಾದ ಗಾಳಿಯಲ್ಲಿ ಕರಗಲು ಎರಡು ಮೂರು ಸೆಕೆಂಡು ಹಿಡಿಯುತ್ತದೆ. ಆ ಎರಡು ಮೂರು ಸೆಕೆಂಡಿಗೂ ನಾವು ಟಿಕೆಟ್ ಹಣ ಕೊಟ್ಟಿರುತ್ತೇವೆ.

ಊರಿಗೊಂದು ರೂಢಿ

ನ್ಯೂಯಾರ್ಕ್‌ನಲ್ಲಿ ಪರದೆ ಎದ್ದು ರಂಗಸಜ್ಜಿಕೆ ಕಂಡಾಗಲೇ ಚಪ್ಪಾಳೆ, ತಾರೆ ಮೊದಲ ಹೆಜ್ಜೆಯಿಡುತ್ತಿದ್ದಂತೆ ಇನ್ನೊಂದು ಚಪ್ಪಾಳೆ. ಬ್ಯಾಲಂಚೀನ್ ಅವರು 1934ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ರಚಿಸಿದ 'ಸೆರನೇಡ್' ಶುರುವಾಗುವಾಗ, ನೀಲಿ ಬೆಳಕಿನಲ್ಲಿ 17 ಯುವತಿಯರು ಒಂದು ತೋಳೆತ್ತಿ ಅಲುಗಾಡದೆ ನಿಂತಿರುವ ನೋಟಕ್ಕೇ ಅಲ್ಲಿನ ಸಭೆ ತಟ್ಟುವುದುಂಟು, ಇನ್ನೂ ಯಾರೂ ಒಂದು ಬೆರಳನ್ನೂ ಅಲುಗಿಸಿರುವುದಿಲ್ಲ. ಚೈಕೋವ್‌ಸ್ಕಿಯ ತಂತಿವಾದ್ಯಗಳ ಮೇಲೆ ಈ ಸದ್ದು ಬೀಳುವುದು ನನಗೆ ಹಿಡಿಸದಿದ್ದರೂ, ಆ ಊರಿನವರ ಪ್ರೀತಿಯ ರೀತಿ ಅದು. ಲಂಡನ್‌ನಲ್ಲಿ ತಾರೆಯ ಪ್ರವೇಶಕ್ಕೆ ತಟ್ಟುವುದು ಕಡಿಮೆ. ಪ್ಯಾರಿಸ್‌ನಲ್ಲಿ ಕೊನೆಯ ನಮನದ ಹೊತ್ತಿಗೆ ಸಭೆಯೆಲ್ಲ ಒಂದೇ ಲಯದಲ್ಲಿ ತಟ್ಟತೊಡಗುತ್ತದೆ, ರಷ್ಯಾದಲ್ಲೂ ಹೀಗೆಯೇ. ಸಂಗೀತ ಮುಗಿದಿರುವುದರಿಂದ ಅಲ್ಲಿ ತಾಳ ಹಾಕಲು ಅಡ್ಡಿಯಿಲ್ಲ, ನಮ್ಮ ಕೈಯ ಆಸೆಯನ್ನು ಆಗ ತೀರಿಸಿಕೊಳ್ಳಬಹುದು. ಪ್ಯಾರಿಸ್ ಒಪೆರಾದಲ್ಲಿ ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರು ರಂಗಕ್ಕೆ ಬಂದು ನರ್ತಕರೊಬ್ಬರಿಗೆ 'ಎತ್ವಾಲ್' ಎಂಬ ಅತ್ಯುನ್ನತ ಪದವಿಯನ್ನು ಘೋಷಿಸುವುದೂ ಇದೆ. ಅಂಥ ಸಂಜೆ ನಿಮ್ಮ ಪಾಲಿಗೆ ಬಂದರೆ ಅಳತೆಯೆಲ್ಲ ಮರೆತು ತಟ್ಟಿ.

ಶಿಳ್ಳೆಯ ವಿಷಯದಲ್ಲಿ ನಮ್ಮವರು ಎಚ್ಚರದಿಂದಿರಬೇಕು. ಗಾಂಧಿನಗರದ ಚಿತ್ರಮಂದಿರದಲ್ಲಿ ನಾಯಕನ ಪ್ರವೇಶಕ್ಕೆ ಬೀಳುವ ಶಿಳ್ಳೆ ಅಪ್ಪಟ ಅಭಿಮಾನದ ಗುರುತು; ಅಮೆರಿಕದಲ್ಲೂ ಶಿಳ್ಳೆ ಮೆಚ್ಚುಗೆಯೇ. ಫ್ರಾನ್ಸ್, ಇಟಲಿ, ರಷ್ಯಾಗಳಲ್ಲಿ ಅದೇ ಶಿಳ್ಳೆಗೆ ಛೀಮಾರಿಯ ಅರ್ಥ. 'ಬ್ರಾವೋ' ಎಂದು ಕೂಗುವುದು ಎಲ್ಲೆಡೆಯೂ ನಡೆಯುತ್ತದೆ. ಇಟಾಲಿಯನ್ ವ್ಯಾಕರಣದ ಪ್ರಕಾರ ಗಂಡಸಿಗೆ 'ಬ್ರಾವೋ', ಹೆಂಗಸಿಗೆ 'ಬ್ರಾವಾ', ಹಲವರಿಗೆ 'ಬ್ರಾವಿ'. ತಪ್ಪಿ ಎಲ್ಲರಿಗೂ ಬ್ರಾವೋ ಎಂದರೆ ಯಾರೂ ಬೇಸರಿಸುವುದಿಲ್ಲ, ಸರಿಯಾಗಿ ಹೇಳಿದರೆ ಹಿಂದಿನ ಸಾಲಿನವರು ತಿರುಗಿ ನೋಡುತ್ತಾರೆ.

ಎಲ್ಲಿ ತಟ್ಟಬೇಕೆಂಬುದನ್ನು ಸಭೆ ಯಾವಾಗಲೂ ತಾನಾಗಿ ನಿರ್ಧರಿಸಿದ್ದೂ ಇಲ್ಲ. 1830ರ ದಶಕದ ಪ್ಯಾರಿಸ್ ಒಪೆರಾದಲ್ಲಿ 'ಕ್ಲಾಕ್' ಎಂಬ ಬಾಡಿಗೆ ಚಪ್ಪಾಳೆಗಾರರ ಪಡೆಯಿತ್ತು. ಅದರ ನಾಯಕ ಓಗುಸ್ತ್ ಲೆವಾಸ್ಸರ್ ತಾಲೀಮುಗಳನ್ನು ನೋಡಿ, ಎಲ್ಲಿ ಎಷ್ಟು ಸದ್ದು ಬೇಕೆಂದು ಆಗಿನ ನಿರ್ದೇಶಕ ಲೂಯಿ ವೆರೋನ್ ಅವರ ಜೊತೆ ಮೊದಲೇ ಮಾತನಾಡಿಕೊಂಡು, ಉಚಿತ ಟಿಕೆಟ್ ಪಡೆದ ತನ್ನ ಜನರನ್ನು ಸಭೆಯಲ್ಲಿ ಕೂರಿಸುತ್ತಿದ್ದ. ಮಾಸ್ಕೋದ ಬೊಲ್ಶೋಯ್ ರಂಗಮಂದಿರದಲ್ಲಿ ಇಂಥವರು ಇತ್ತೀಚಿನವರೆಗೂ ಸುದ್ದಿಯಲ್ಲಿದ್ದರು. ಆದ್ದರಿಂದ, ಗೊತ್ತಿಲ್ಲದಿದ್ದರೆ ಪಕ್ಕದವರನ್ನು ನೋಡಿ ತಟ್ಟಿ ಎಂಬ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಂಗೀತವನ್ನೂ ನರ್ತಕರ ಕಾಲನ್ನೂ ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ಸಭೆಯ ಸದ್ದು ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ ಪ್ಯಾರಿಸ್‌ನಲ್ಲಿ 1913ರ ಮೇ 29ರ ರಾತ್ರಿಯೇ ಸಾಕ್ಷಿ. ಸ್ಟ್ರಾವಿನ್‌ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ಮೊದಲ ಪ್ರದರ್ಶನದಲ್ಲಿ ಗದ್ದಲಕ್ಕೆ ವಾದ್ಯಗಳು ಕೇಳಿಸದಾದಾಗ, ನೃತ್ಯ ಸಂಯೋಜಿಸಿದ್ದ ನಿಜಿನ್‌ಸ್ಕಿ ನೇಪಥ್ಯದಲ್ಲಿ ಕುರ್ಚಿಯ ಮೇಲೆ ನಿಂತು ನರ್ತಕರಿಗೆ ಎಣಿಕೆಯನ್ನು ಕೂಗಿ ಹೇಳಬೇಕಾಯಿತು.

ಆಕಸ್ಮಿಕಗಳೂ ನಡೆಯುತ್ತವೆ. ನರ್ತಕರು ಜಾರಿ ಬಿದ್ದರೆ ಅಯ್ಯೋ ಎಂದು ಉದ್ಗರಿಸುವುದು ಬೇಡ. ಅವರು ಎದ್ದು ಮುಂದುವರಿಯುತ್ತಾರೆ, ಆ ಭಾಗ ಮುಗಿದಾಗ ಎಂದಿನ ಚಪ್ಪಾಳೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು. ಗಾಯವಾಗಿ ಪರದೆ ಇಳಿದರೆ ಸುಮ್ಮನೆ ಕಾಯಬೇಕು, ಬದಲಿಗೆ ಬಂದವರನ್ನು ಆದರದಿಂದ ಸ್ವಾಗತಿಸಬೇಕು. ಮಕ್ಕಳು 'ನಟ್‌ಕ್ರ್ಯಾಕರ್'ನಲ್ಲಿ ಕ್ರಿಸ್‌ಮಸ್ ಮರ ಬೆಳೆಯುತ್ತಿದ್ದಂತೆ ಕಿರುಚಿ ತಟ್ಟಿದರೆ ಯಾರೂ ಬೈಯುವುದಿಲ್ಲ, ಬೈಯಲೂಬಾರದು. ಚಿತ್ರಮಂದಿರದಲ್ಲಿ ನೇರಪ್ರಸಾರ ನೋಡುವಾಗ ತಟ್ಟುವುದು ಬಿಡುವುದು ನಿಮ್ಮಿಷ್ಟ.

ಪರದೆ ಬಿದ್ದ ಮೇಲೆ

ಕೊನೆಯ ನಮನಕ್ಕೂ ಒಂದು ಕ್ರಮವಿದೆ, ಅದನ್ನು ತಿಳಿದಿದ್ದರೆ ಕೈಯ ಶಕ್ತಿಯನ್ನು ಉಳಿಸಿಕೊಳ್ಳಬಹುದು. ಪರದೆ ಮತ್ತೆ ಎದ್ದಾಗ ಮೊದಲು ಸಮೂಹ ನರ್ತಕರು, ಆಮೇಲೆ ಚಿಕ್ಕ ಪಾತ್ರಗಳು, ಏಕವ್ಯಕ್ತಿ ನರ್ತಕರು, ಕೊನೆಗೆ ನಾಯಕ ನಾಯಕಿಯರು ಮುಂದೆ ಬರುತ್ತಾರೆ. ಮೊದಲ ಸಾಲಿಗೇ ಕೈ ಸೋಲುವಂತೆ ತಟ್ಟಿದರೆ ಕೊನೆಗೆ ಬಲ ಉಳಿಯುವುದಿಲ್ಲ. ಹಾಗೆಂದು ಸಮೂಹಕ್ಕೆ ಕಾಟಾಚಾರದ ಚಪ್ಪಾಳೆ ಕೊಡುವುದೂ ಸಲ್ಲದು. ಬಳಿಕ ನಾಯಕಿ ಬದಿಗೆ ಹೋಗಿ ಕಂಡಕ್ಟರನ್ನು ಕೈಹಿಡಿದು ಕರೆತರುತ್ತಾಳೆ. ಅವರು ತಗ್ಗಿನ ಕಡೆ ಕೈ ತೋರಿಸಿದಾಗ ಆ ಚಪ್ಪಾಳೆ ವಾದ್ಯಗಾರರಿಗೆ ಸಲ್ಲಬೇಕಾದದ್ದು; ಇದನ್ನು ಗಮನಿಸದೆ ಅಷ್ಟು ಹೊತ್ತಿಗೆ ಕೋಟು ಹುಡುಕುತ್ತಿರುವವರೇ ಹೆಚ್ಚು. ನಮ್ಮಲ್ಲಿ ನೃತ್ಯದ ಕೊನೆಗೆ ಭೂಮಿಗೂ ಗುರುವಿಗೂ ನಮಸ್ಕರಿಸುವಂತೆ, ಬ್ಯಾಲೆಯ ತರಗತಿಗಳೂ 'ರೆವೆರಾನ್ಸ್' ಎಂಬ ವಂದನೆಯಿಂದ ಮುಗಿಯುತ್ತವೆ. ಅದರಲ್ಲಿ ಶಿಕ್ಷಕರಿಗೂ ಪಿಯಾನೋ ನುಡಿಸಿದವರಿಗೂ ಪಾಲಿದೆ. ರಂಗದ ಮೇಲಿನ ದೀರ್ಘ ನಮನ ಆ ಅಭ್ಯಾಸದ ಮುಂದುವರಿಕೆಯೇ.

ಹೂಗುಚ್ಛ ಕೊಡಬೇಕೆಂದರೆ ರಂಗಮಂದಿರದ ಕಲಾವಿದರ ಬಾಗಿಲಿನಲ್ಲಿ ಮುಂಚಿತವಾಗಿ ಒಪ್ಪಿಸುವುದು ಲಂಡನ್‌ನ ಪದ್ಧತಿ. ಸಿಬ್ಬಂದಿ ಅದನ್ನು ರಂಗಕ್ಕೆ ತರುತ್ತಾರೆ. ನಾಯಕಿ ಅದರಿಂದ ಒಂದು ಹೂವನ್ನು ಕಿತ್ತು ಜೊತೆಗಾರನಿಗೆ ಕೊಡುವುದು ಹಳೆಯ ಚೆಂದದ ರೂಢಿ. ಮೇಲಿನಿಂದ ಹೂ ಎಸೆಯುವುದನ್ನು ಹಿರಿಯ ನರ್ತಕರ ವಿದಾಯದ ರಾತ್ರಿಗೆ ಮೀಸಲಿಡಬೇಕು. ಫೋಟೊ ತೆಗೆಯಲು ಕೆಲವು ರಂಗಮಂದಿರಗಳು ಈ ಹೊತ್ತಿನಲ್ಲಿ ಮಾತ್ರ ಬಿಡುತ್ತವೆ, ಕೆಲವು ಆಗಲೂ ಬಿಡುವುದಿಲ್ಲ. ಫ್ಲ್ಯಾಶ್ ಎಲ್ಲಿಯೂ ಬೇಡ. ಅಷ್ಟಕ್ಕೂ ಫೋನು ಹಿಡಿದ ಕೈ ಚಪ್ಪಾಳೆ ತಟ್ಟಲಾರದು.

ಎದ್ದು ನಿಲ್ಲುವುದು ಅಮೆರಿಕದಲ್ಲಿ ಬಹುತೇಕ ಪ್ರತಿ ಸಂಜೆಯ ಪದ್ಧತಿ. ಲಂಡನ್‌ನಲ್ಲಿ ಅದಕ್ಕೆ ಇನ್ನೂ ಸ್ವಲ್ಪ ಬೆಲೆ ಉಳಿದಿದೆ. ಎಷ್ಟು ಹೊತ್ತು ತಟ್ಟಬಹುದು ಎಂಬುದಕ್ಕೆ ಮೇಲ್ಮಿತಿ ಇದ್ದಂತಿಲ್ಲ. 1965ರಲ್ಲಿ ಲಂಡನ್‌ನಲ್ಲಿ ಮಾರ್ಗೊ ಫಾಂಟೇನ್ ಮತ್ತು ರುಡಾಲ್ಫ್ ನುರೆಯೆವ್ ನರ್ತಿಸಿದ 'ರೋಮಿಯೊ ಅಂಡ್ ಜೂಲಿಯೆಟ್' ಮೊದಲ ರಾತ್ರಿ 43 ಬಾರಿ ಪರದೆಯ ಮುಂದೆ ಅವರನ್ನು ಕರೆಸಿಕೊಂಡಿತು. ಅದಕ್ಕೂ ಹಿಂದಿನ ವರ್ಷ ವಿಯೆನ್ನಾದಲ್ಲಿ ಅದೇ ಜೋಡಿಯ 'ಸ್ವಾನ್ ಲೇಕ್'ಗೆ ಸಿಕ್ಕ ಕರೆಗಳು 89. ಮರುದಿನ ಆ ಪ್ರೇಕ್ಷಕರ ಅಂಗೈ ಹೇಗಿತ್ತೋ!

ಕೊನೆಯ ರೈಲು ಹಿಡಿಯಬೇಕಾದವರು ಮೊದಲೇ ಬದಿಯ ಕುರ್ಚಿ ಕೊಂಡು, ಪರದೆ ಬಿದ್ದು ಮತ್ತೆ ಏಳುವ ಕತ್ತಲಿನಲ್ಲಿ ಸದ್ದಿಲ್ಲದೆ ಹೊರಡಬಹುದು. ನಾಯಕಿ ವಂದಿಸುತ್ತಿರುವಾಗ ಸಾಲಿನ ನಡುವಿನಿಂದ ಹತ್ತು ಮಂದಿಯ ಮಂಡಿ ದಾಟಿಕೊಂಡು ಹೋಗಬಾರದು. ಉಳಿದವರು ಸಭಾಂಗಣದ ದೀಪ ಹೊತ್ತುವ ತನಕ ತಟ್ಟುತ್ತಿರಬಹುದು. ದೀಪ ಹೊತ್ತಿ, ತಗ್ಗಿನಲ್ಲಿ ಪಿಟೀಲಿನವರು ಪೆಟ್ಟಿಗೆ ಮುಚ್ಚುತ್ತಿರುವುದು ಕಂಡರೆ ಇನ್ನು ಯಾರೂ ಬರುವುದಿಲ್ಲ ಎಂದು ತಿಳಿದು ಕೋಟು ಎತ್ತಿಕೊಳ್ಳಬಹುದು.